ರಿಲೀಸ್ ನೋಟ್ಸ್: ಗಿಟ್‌ಹಬ್ ಬಟನ್ನೋ, ಟೌನ್‌ಕ್ರೈಯರೋ, ಕೈಬರಹವೋ?

ಬಿಡುವಿನಲ್ಲಿ ನಾನು ನೋಡಿಕೊಳ್ಳುವ ಓಪನ್ ಸೋರ್ಸ್ ಕೆಲಸಕ್ಕೆ ಎರಡು ಭಾಗ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ್ದನ್ನು ಕನ್ನಡಕ್ಕೆ ಬದಲಿಸುವ ಪೈಥಾನ್ ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಕೋಡ್) ಒಂದು. ಅದೇ ನಿಯಮಗಳನ್ನು ಬಳಸುವ ಆಂಡ್ರಾಯ್ಡ್ ಆ್ಯಪ್ ಇನ್ನೊಂದು. ಲೈಬ್ರರಿ ಪ್ರೋಗ್ರಾಮರ್‌ಗಳಿಗೆ, ಆ್ಯಪ್ ಮೇಷ್ಟ್ರುಗಳಿಗೆ, ಡಿಟಿಪಿ ಮಾಡುವವರಿಗೆ. ಹೊಸ ಆವೃತ್ತಿಯಲ್ಲಿ ಏನು ಬದಲಾಗಿದೆ ಎಂದು ಹೇಳುವ ಟಿಪ್ಪಣಿ, ಅಂದರೆ ರಿಲೀಸ್ ನೋಟ್ಸ್, ಇಬ್ಬರಿಗೂ ಮುಟ್ಟಬೇಕು. ಅದನ್ನು ಸಿದ್ಧಪಡಿಸುವ ಮೂರು ದಾರಿಗಳನ್ನು ಹೋಲಿಸಿದ್ದೇನೆ.

ಒಂದೇ ಬದಲಾವಣೆಯನ್ನು ಇಟ್ಟುಕೊಂಡು ನೋಡೋಣ. ‘ರ‍್ಯಾಂಕ್’ ಬರೆಯಲು ಹೋದರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತಿತ್ತು. ‘ರ’ದ ನಂತರ ಝೀರೋ ವಿಡ್ತ್ ಜಾಯ್ನರ್ (ಝಡ್‌ಡಬ್ಲ್ಯೂಜೆ) ಎಂಬ ಕಣ್ಣಿಗೆ ಕಾಣದ ಅಕ್ಷರ ಸೇರಿಸಿದರೆ ಸರಿಹೋಗುತ್ತದೆ.

ನಾವು ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಇದಕ್ಕೊಂದು ಬಟನ್ ಇದೆ. ಅದನ್ನು ಒತ್ತಿದರೆ ಹಿಂದಿನ ಬಿಡುಗಡೆಯಿಂದ ಈಚೆಗೆ ಸೇರಿದ ಪುಲ್ ರಿಕ್ವೆಸ್ಟ್‌ಗಳ (ಸೇರಿಸಿಕೊಳ್ಳಿ ಎಂದು ಕಳಿಸುವ ಬದಲಾವಣೆಗಳ) ಶೀರ್ಷಿಕೆ, ಬರೆದವರ ಹೆಸರು, ಮೊದಲ ಸಲ ಕೈಜೋಡಿಸಿದವರ ಪಟ್ಟಿ ಎಲ್ಲ ತಾನಾಗಿ ಬರುತ್ತದೆ. ಲೇಬಲ್ ಹಾಕಿ, ಯಾವುದು ಯಾವ ಗುಂಪಿಗೆ ಎಂದು ಮೊದಲೇ ಬರೆದಿಟ್ಟಿದ್ದರೆ ಗುಂಪು ಮಾಡಿಯೂ ಕೊಡುತ್ತದೆ. ಶ್ರಮ ಸೊನ್ನೆ. ತನ್ನ ಹೆಸರು ನೋಡಿದ ಹೊಸ ಹುಡುಗ ಇನ್ನೊಂದು ಪ್ಯಾಚ್ ಕಳಿಸುತ್ತಾನೆ, ಅದೂ ಲಾಭವೇ. ಆದರೆ ನಮ್ಮ ಬದಲಾವಣೆ ಅಲ್ಲಿ ‘ಫಿಕ್ಸ್ ಝಡ್‌ಡಬ್ಲ್ಯೂಜೆ ಹ್ಯಾಂಡ್ಲಿಂಗ್’ ಅಂತ ಕಾಣುತ್ತದೆ. ಇದು ಕೋಡ್ ಬರೆದವರು ಕೋಡ್ ಬರೆದವರಿಗೇ ಹೇಳಿದ ಮಾತು. ಮೇಷ್ಟ್ರಿಗೆ ಏನು ತಿಳಿಯಬೇಕು?

ಕೀಪ್ ಎ ಚೇಂಜ್‌ಲಾಗ್ ಪದ್ಧತಿಯಲ್ಲಿ ಸೇರಿಸಿದ್ದು, ಬದಲಿಸಿದ್ದು, ತೆಗೆದದ್ದು, ಸರಿಪಡಿಸಿದ್ದು ಅಂತ ತಲೆಬರಹಗಳಡಿ ಕೈಯಾರೆ ಬರೆಯಬೇಕು. ಓದಲು ಚೆಂದ. ಒಬ್ಬರೇ ಇದ್ದರೆ ಇದೇ ಸಾಕು. ನಾಲ್ಕು ಜನ ಸೇರಿದರೆ ಎಲ್ಲರೂ ಒಂದೇ ಫೈಲಿನ ಒಂದೇ ಜಾಗ ತಿದ್ದುತ್ತಾರೆ, ಒಬ್ಬರ ತಿದ್ದುಪಡಿ ಇನ್ನೊಬ್ಬರದಕ್ಕೆ ಅಡ್ಡ ಬರುವ ಮರ್ಜ್ ಕಾನ್‌ಫ್ಲಿಕ್ಟ್ ತಪ್ಪಿದ್ದಲ್ಲ.

ನನಗೆ ಹಿಡಿಸಿದ್ದು ಟೌನ್‌ಕ್ರೈಯರ್ ಎಂಬ ಉಪಕರಣ. ಪಿಪ್, ಪೈಟೆಸ್ಟ್‌ನಂಥ ಹೆಸರಾದ ಪೈಥಾನ್ ಯೋಜನೆಗಳು ಬಳಸುವುದೂ ಇದನ್ನೇ. ಪ್ರತಿ ಬದಲಾವಣೆಯ ಜೊತೆ ಒಂದು ಪುಟ್ಟ ಫೈಲ್ ಬರಬೇಕು, ಅದರಲ್ಲಿ ಒಂದೆರಡು ವಾಕ್ಯ. ಬಿಡುಗಡೆಯ ದಿನ ಅದು ಎಲ್ಲವನ್ನೂ ಜೋಡಿಸಿ, ತುಣುಕುಗಳನ್ನು ಅಳಿಸಿ ಹಾಕುತ್ತದೆ. ಇದರ ನಿಜವಾದ ಗುಣ ಜೋಡಿಸುವುದರಲ್ಲಿಲ್ಲ. ಕೋಡ್ ರಿವ್ಯೂ ಮಾಡುವವರ (ಸೇರಿಸುವ ಮುನ್ನ ಬದಲಾವಣೆಯನ್ನು ಪರಿಶೀಲಿಸುವವರ) ಕಣ್ಣಿಗೆ ಆ ವಾಕ್ಯವೂ ಬೀಳುತ್ತದೆ. ‘ಇದು ಯಾರಿಗೆ ಅರ್ಥವಾಗುತ್ತೆ?’ ಅಂತ ಆಗಲೇ ಕೇಳಬಹುದು. ಹಾಗೆ ಕೇಳಿದ್ದರಿಂದಲೇ ನಮ್ಮ ತುಣುಕು ಹೀಗಾಯಿತು: ‘ಔಟ್‌ಪುಟ್‌ನಲ್ಲಿ ಈಗ ಜಾಯ್ನರ್ ಬರುತ್ತದೆ. ಹಳೆಯ ಪಠ್ಯವನ್ನು ಡೇಟಾಬೇಸ್‌ನಲ್ಲಿ ಇಟ್ಟಿದ್ದರೆ ಹೊಸದರೊಂದಿಗೆ ಹೋಲಿಕೆ ತಪ್ಪುತ್ತದೆ. ಒಮ್ಮೆ ಮತ್ತೆ ಪರಿವರ್ತಿಸಿ.’ ಲೈಬ್ರರಿ ಬಳಸುವವರಿಗೆ ಬೇಕಿದ್ದದ್ದು ಇಷ್ಟೇ ಅಲ್ವಾ?

ಇಂಥ ಎಚ್ಚರಿಕೆಗೆ ‘ಅಪ್‌ಗ್ರೇಡ್’ ಅಂತ ಬೇರೆ ವಿಧ ಮಾಡಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇವೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ದೊಡ್ಡ ಆವೃತ್ತಿಗಳ ಟಿಪ್ಪಣಿ ನೋಡಿ ಕಲಿತದ್ದು. ಅಲ್ಲಿ ಬದಲಾವಣೆಗಳ ಉದ್ದ ಪಟ್ಟಿಗೆ ಮುಂಚೆಯೇ, ಹಳೆಯದರಿಂದ ಬರುವವರಿಗೆ ಏನು ಮುರಿಯಬಹುದು ಎಂಬ ಭಾಗ ಇರುತ್ತದೆ.

ಆ್ಯಪ್‌ಗೆ ಮಾತ್ರ ಯಾವ ಉಪಕರಣವೂ ಸರಿಬರಲಿಲ್ಲ. ಪ್ಲೇ ಸ್ಟೋರ್‌ನಲ್ಲೂ, ಓಪನ್ ಸೋರ್ಸ್ ಆ್ಯಪ್‌ಗಳು ಸಿಗುವ ಎಫ್-ಡ್ರಾಯ್ಡ್‌ನಲ್ಲೂ ಈ ಟಿಪ್ಪಣಿಗೆ ಒಂದು ಭಾಷೆಗೆ 500 ಅಕ್ಷರದ ಮಿತಿ. ಆ ಲೆಕ್ಕ ಕಂಪ್ಯೂಟರಿನ ಅಕ್ಷರ ಸಂಕೇತವಾದ ಯೂನಿಕೋಡ್‌ನದು, ಅಲ್ಲಿ ವ್ಯಂಜನ, ಹಲಂತ, ಸ್ವರಚಿಹ್ನೆ ಒಂದೊಂದೂ ಬೇರೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಅಲ್ಲಿ 6. ಹಾಗಾಗಿ ಕನ್ನಡದಲ್ಲಿ ಜಾಗ ಬೇಗ ಮುಗಿಯುತ್ತದೆ. ‘ದೋಷಗಳನ್ನು ಸರಿಪಡಿಸಲಾಗಿದೆ’ ಅಂತ ಸುಮ್ನೆ ಹಾಕುವುದಕ್ಕಿಂತ ಖಾಲಿ ಬಿಡುವುದೇ ಮೇಲು. ನಾನು ಬರೆದದ್ದು: ‘ರ‍್ಯಾಂಕ್, ರ‍್ಯಾಲಿ ಇವು ಈಗ ಸರಿಯಾಗಿ ಮೂಡುತ್ತವೆ.’ ಜಾಯ್ನರ್ ಸುದ್ದಿಯೇ ಇಲ್ಲ.

ಫೈರ್‌ಫಾಕ್ಸ್‌ನವರು ಸಾಮಾನ್ಯ ಬಳಕೆದಾರರಿಗೆ, ವೆಬ್ ಡೆವಲಪರ್‌ಗಳಿಗೆ, ಕಂಪನಿಗಳ ಐಟಿ ವಿಭಾಗಕ್ಕೆ ಬೇರೆ ಬೇರೆ ಪುಟ ಬರೆಯುತ್ತಾರೆ. ಅದು ಆದರ್ಶವೇ, ಆದರೆ ನಮ್ಮಂಥ ಸಣ್ಣ ತಂಡಕ್ಕೆ ಜಾಸ್ತಿಯಾಯಿತು. ಸದ್ಯಕ್ಕೆ ಲೈಬ್ರರಿಗೆ ಟೌನ್‌ಕ್ರೈಯರ್, ಆ್ಯಪ್‌ಗೆ ಕೈಯಲ್ಲಿ ಬರೆದ ಮೂರು ಸಾಲು. ಗಿಟ್‌ಹಬ್ ಪಟ್ಟಿಯನ್ನು ತೆಗೆದಿಲ್ಲ, ಕೈಜೋಡಿಸಿದವರ ಹೆಸರಿಗಾಗಿ ಪುಟದ ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.