ಮಾಡಿಫೈ ಮಾಡಿದ ಬುಲೆಟ್‌ಗೆ ಸರಿಯಾದ ಬೆಲೆ ಕಟ್ಟಿಕೊಡುವ ಚಿಕ್ಕಮಗಳೂರಿನ ಗ್ಯಾರೇಜ್

ಚಿಕ್ಕಮಗಳೂರಿನ ಕೆ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ಬೋರ್ಡ್ ಇಲ್ಲದ ಒಂದು ಬುಲೆಟ್ ಗ್ಯಾರೇಜ್ ಇದೆ. ಮೇಲೆ ತಗಡಿನ ಶೀಟು, ಮುಂದೆ ಹಲಸಿನ ಮರ. ಮೇಸ್ತ್ರಿ ಗ್ಯಾರೇಜ್ ಅಂದರೆ ಆ ಬೀದಿಯಲ್ಲಿ ಯಾರು ಬೇಕಾದರೂ ತೋರಿಸುತ್ತಾರೆ. ರಿಪೇರಿಯೇ ಅವರ ಕಸುಬು. ಜೊತೆಗೆ 500 ರೂಪಾಯಿ ತೆಗೆದುಕೊಂಡು ಹಳೇ ಗಾಡಿಯನ್ನು ಪೂರ್ತಿ ನೋಡಿ, ಎಷ್ಟು ಹೇಳಬಹುದು, ಎಷ್ಟಕ್ಕಿಂತ ಕಡಿಮೆಗೆ ಬಿಡಬಾರದು ಅಂತ ಲೆಕ್ಕ ಮಾಡಿ ಕೊಡುತ್ತಾರೆ. ಮಾಡಿಫೈ ಮಾಡಿದ ಗಾಡಿ ಮಾರುವವರಿಗೆ ನಮ್ಮ ಜಿಲ್ಲೆಯಲ್ಲಿ ಇಷ್ಟು ಉಪಯೋಗದ ಇನ್ನೊಂದು ಜಾಗ ನಾನು ನೋಡಿಲ್ಲ.

ನಾವು ಮಾರಬೇಕಿದ್ದದ್ದು 2019ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಹಳೇ ಯುಸಿಇ ಎಂಜಿನ್ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವಂಥದ್ದು), 346 ಸಿಸಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಇರುವ, ಬಿಎಸ್ 4 ಅನ್ನುವ ಹಳೇ ಹೊಗೆ ನಿಯಮದ ಗಾಡಿ. ಆರ್‌ಸಿ ಅಪ್ಪನ ಹೆಸರಲ್ಲಿ, ಓಡಿಸಿದ್ದೆಲ್ಲ ನನ್ನ ತಮ್ಮ. ಅವನು ಓದಲು ಜರ್ಮನಿಗೆ ಹೋದ. ಗಾಡಿ ಆಲ್ದೂರಿನ ನಮ್ಮ ಮನೆ ಶೆಡ್ಡಿನಲ್ಲಿ ಕಾಫಿ ಚೀಲಗಳ ಪಕ್ಕ ನಿಂತುಬಿಟ್ಟಿತು. ಮಲೆನಾಡಿನ ಮಳೆಗಾಲದ ತೇವದಲ್ಲಿ ಗಾಡಿ ಸುಮ್ನೆ ನಿಂತರೆ ಏನಾಗುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ತಮ್ಮ ಅದಕ್ಕೆ ಆಸೆಯಿಂದ 60,500 ರೂಪಾಯಿ ಸುರಿದಿದ್ದ. ಅಲಾಯ್ ಚಕ್ರ ಮತ್ತು ಟ್ಯೂಬ್‌ಲೆಸ್ ಟೈರಿಗೆ 22,000. ಟ್ಯಾಂಕಿಗೆ ಮ್ಯಾಟ್ ಹಸಿರು ಪೇಂಟ್ ಹೊಡೆಸಲು 12,000. ದೊಡ್ಡ ಸದ್ದಿನ ಸೈಲೆನ್ಸರ್‌ಗೆ 7,500, ಸೀಟಿಗೆ 6,500. ಲೆಗ್ ಗಾರ್ಡ್ ಮತ್ತು ಕ್ಯಾರಿಯರ್ 5,000, ಫಾಗ್ ಲ್ಯಾಂಪ್ 4,000, ಹ್ಯಾಂಡಲ್ 3,500. ಬಿಲ್ಲುಗಳನ್ನೂ ಜೋಪಾನವಾಗಿ ಇಟ್ಟಿದ್ದ. "ಅಕ್ಕ, ಒಂದು ಲಕ್ಷ ತೊಂಬತ್ತು ಸಾವಿರಕ್ಕಿಂತ ಕಡಿಮೆ ಹೇಳಬೇಡ" ಅಂತ ಫೋನಿನಲ್ಲಿ ಹೇಳಿದ. ಅದೇ ವಾರ ಹಳೇ ಬೈಕ್ ಕೊಳ್ಳುವ ಒಂದು ಕಂಪನಿಯ ಹುಡುಗ ಮನೆಗೆ ಬಂದು, ಮಾಡಿಫೈ ಮಾಡಿದ ಒಂದೊಂದು ಸಾಮಾನಿಗೂ ದುಡ್ಡು ಕಳೆದು 85,000ಕ್ಕೆ ಇಳಿಸಿದ. ಈ ಎರಡರ ನಡುವೆ ಒಂದು ಲಕ್ಷಕ್ಕಿಂತ ಜಾಸ್ತಿ ಅಂತರ. ಹಾಗಾಗಿ ಮೇಸ್ತ್ರಿ ಹತ್ತಿರ ಹೋದೆ.

ಗಾಡಿಯನ್ನು ಹಿಂದಿನ ಸಂಜೆಯೇ ತಂದು ಬಿಡಲು ಹೇಳಿದರು. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಬೇಕಂತೆ. ಬಿಸಿ ಎಂಜಿನ್ ಎಷ್ಟೋ ದೋಷ ಮುಚ್ಚಿಬಿಡುತ್ತೆ. ಸೆಲ್ಫ್ ಒತ್ತಿದಾಗ ಒಳಗಿಂದ ಕಟಕಟ ಸದ್ದು ಬಂದರೆ ಸ್ಪ್ರಾಗ್ ಕ್ಲಚ್, ಅಂದರೆ ಸೆಲ್ಫ್ ಮೋಟಾರಿನಿಂದ ಎಂಜಿನ್ ತಿರುಗಿಸುವ ಭಾಗ, ಹೋಗಿದೆ ಅಂತ ಲೆಕ್ಕ. ಯುಸಿಇ ಎಂಜಿನ್‌ಗಳಲ್ಲಿ, ಅದರಲ್ಲೂ ಬ್ಯಾಟರಿ ವೀಕ್ ಇರುವಾಗ ಸೆಲ್ಫ್ ಒತ್ತುತ್ತಲೇ ಇದ್ದರೆ, ಅದು ಹಾಳಾಗುವುದು ಗೊತ್ತಿರುವ ವಿಚಾರ. ನಮ್ಮದು ಚೆನ್ನಾಗಿತ್ತು.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನನ್ನ ಅಂಗೈ ಮೇಲೆ ಇಟ್ಟರು. ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. "ನೋಡಿಮ್ಮಾ, ಇದು ತಿಳಿ ಕಂದು ಬಣ್ಣ ಇರಬೇಕು" ಅಂದರು. ಸೈಲೆನ್ಸರ್ ಬದಲಾಯಿಸಿದವರು ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಎಷ್ಟು ಬರಬೇಕು ಅಂತ ಅಳೆಯುವ ಜೆಟ್ ಬದಲಾಯಿಸಿರಲಿಲ್ಲ. ಹೊಗೆ ಸಲೀಸಾಗಿ ಹೊರಗೆ ಹೋಗುತ್ತೆ, ಪೆಟ್ರೋಲ್ ಮಾತ್ರ ಮೊದಲಿನಷ್ಟೇ ಬರುತ್ತೆ. ಗಾಳಿ ಜಾಸ್ತಿಯಾಗಿ ಎಂಜಿನ್ ಬಿಸಿಯಾಗುತ್ತೆ. ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಬೆಂಡ್ ಪೈಪ್ ನೀಲಿಗಟ್ಟಿದ್ದು, ಆಕ್ಸಿಲರೇಟರ್ ಬಿಟ್ಟಾಗ ಪಟಾಕಿ ಹಾಗೆ ಸಿಡಿಯುತ್ತಿದ್ದದ್ದು, ಎಲ್ಲ ಅದರಿಂದಲೇ. ತಮ್ಮನಿಗೆ ಆ ಸಿಡಿತ ತುಂಬಾ ಇಷ್ಟ. ಆದರೆ ಬುಲೆಟ್ ಬಲ್ಲವರು ಗಾಡಿ ನೋಡಲು ಬಂದರೆ ಅದೇ ಸದ್ದು ಕೇಳಿ ಬೆಲೆ ಇಳಿಸುತ್ತಾರೆ. 7,500ರ ಸೈಲೆನ್ಸರ್‌ಗೆ ಮೇಸ್ತ್ರಿ ಬರೆದದ್ದು ಸೊನ್ನೆ.

"ಕಂಪನಿ ಸೈಲೆನ್ಸರ್ ಎಲ್ಲಿದೆ?" ಅಂತ ಕೇಳಿದರು. ನಮ್ಮ ಮನೆ ಅಟ್ಟದ ಮೇಲೆ ಗೋಣಿಚೀಲದಲ್ಲಿ ಇತ್ತು. ಹಳೇ ಹ್ಯಾಂಡಲ್, ಹಳೇ ಸೀಟು, ಸ್ಪೋಕ್ ಚಕ್ರಗಳೂ ಅಲ್ಲೇ ಇದ್ದವು. ಇದನ್ನು ಕೇಳಿ ಅವರ ಮುಖ ಅರಳಿತು. ಕಂಪನಿ ಸಾಮಾನು ಕೈಯಲ್ಲಿದ್ದರೆ ಕೊಳ್ಳುವವರಿಗೆ ಹೆದರಿಕೆ ಇರುವುದಿಲ್ಲ, ಬೇಡ ಅನಿಸಿದ್ದನ್ನು ಬಿಚ್ಚಿ ಮೊದಲಿನ ಹಾಗೆ ಮಾಡಿಕೊಳ್ಳಬಹುದು. ಅದಿಲ್ಲದಿದ್ದರೆ ಅಷ್ಟೂ ಸಾಮಾನನ್ನು ಹೊಸದಾಗಿ ಕೊಳ್ಳುವ ಖರ್ಚನ್ನು ಅವರು ನಮ್ಮ ಬೆಲೆಯಿಂದಲೇ ಕಳೆಯುತ್ತಾರೆ. ಮಾಡಿಫೈ ಮಾಡಿಸುವ ಹುಡುಗರು ಇದೊಂದನ್ನು ನೆನಪಿಟ್ಟುಕೊಳ್ಳಬೇಕು. ಬಿಚ್ಚಿದ ಸಾಮಾನನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ, ಗುಜರಿಗೂ ಹಾಕಬೇಡಿ.

ಫ್ರೇಮನ್ನು ಟಾರ್ಚ್ ಹಿಡಿದು ಇಂಚಿಂಚಾಗಿ ನೋಡಿದರು. ಹಿಂದಿನ ಮಡ್‌ಗಾರ್ಡ್ ಗಿಡ್ಡ ಮಾಡಲು ಕೆಲವರು ಫ್ರೇಮನ್ನೇ ಕತ್ತರಿಸಿ ವೆಲ್ಡ್ ಮಾಡಿಸುತ್ತಾರೆ. ಅಂಥ ಗಾಡಿಗೆ ಬೆಲೆ ಕಟ್ಟುವುದಿಲ್ಲ ಅಂತ ಅವರು ಖಡಾಖಂಡಿತವಾಗಿ ಹೇಳಿದರು. ಇದು ನನಗೆ ತುಂಬಾ ಹಿಡಿಸಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ತಯಾರಿಸಿದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿದಿದೆ. ನಮ್ಮ ಫ್ರೇಮಿಗೆ ಕಟರ್ ಮುಟ್ಟಿರಲಿಲ್ಲ. ಆದರೆ ಆರ್‌ಸಿಯಲ್ಲಿ ಬಣ್ಣ ಕಪ್ಪು, ಟ್ಯಾಂಕು ಹಸಿರು. ಬಣ್ಣ ಬದಲಾದದ್ದನ್ನು ಆರ್‌ಟಿಒದಲ್ಲಿ ಬರೆಸಿರಲಿಲ್ಲ. ಪೇಂಟಿನ ಬದಲು ಸ್ಟಿಕ್ಕರ್ ಸುತ್ತಿಸಿದ್ದರೆ ಕಿತ್ತು ಹಾಕಬಹುದಿತ್ತು. 12,000 ಕೊಟ್ಟ ಪೇಂಟು ಲೆಕ್ಕದಲ್ಲಿ 3,000 ಕಳೆಯುವ ಬಾಬತ್ತಾಯಿತು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. ನಮ್ಮ ಹಿಂದಿನ ಟೈರಿನಲ್ಲಿ 3120 ಅಂತ ಇತ್ತು. ಅಂದರೆ 2020ರ 31ನೇ ವಾರ ತಯಾರಾದದ್ದು. ಗುಂಡಿ ಇನ್ನೂ ಆಳವಾಗಿದೆ, ಆದರೆ ರಬ್ಬರ್ ಬಿರುಕು ಬಿಟ್ಟಿದೆ. ಮಾರುವ ಮುಂಚೆ ಹೊಸ ಟೈರ್ ಹಾಕಿಸೋಣವಾ ಅಂತ ಕೇಳಿದೆ. ಬೇಡ ಅಂದರು. ಹಾಕಿಸಿದ ದುಡ್ಡು ವಾಪಸ್ ಬರಲ್ಲ. ಬಂದವರಿಗೆ ನಾವೇ ತೋರಿಸಿ, ಚೌಕಾಸಿಯಲ್ಲಿ ಅದಕ್ಕೆ ಜಾಗ ಇಟ್ಟುಕೊಂಡರೆ ಸಾಕಂತೆ.

ಬೆಲೆ ಕಟ್ಟುವ ರೀತಿ ಅಂತೂ ನೋಡುವಂಥದ್ದು. ಅವರ ಹತ್ತಿರ ಎಣ್ಣೆ ಹತ್ತಿದ ಒಂದು ಉದ್ದ ನೋಟ್‌ಬುಕ್ ಇದೆ. ಗಿರಾಕಿಗಳ ಗಾಡಿ ಕೊನೆಗೆ ಎಷ್ಟಕ್ಕೆ ಕೈ ಬದಲಾಯಿತು ಅಂತ ಅದರಲ್ಲಿ ಬರೆದಿಡುತ್ತಾರೆ. ಮೊಬೈಲಿನಲ್ಲಿ ನಾವು ನೋಡುವುದು ಮಾರುವವರು ಕೇಳುವ ಬೆಲೆ, ಕೊಂಡವರು ಕೊಟ್ಟದ್ದಲ್ಲ. ಹಾಗಾಗಿ ಆ ನೋಟ್‌ಬುಕ್ ಮೇಲೆ ನನಗೆ ನಂಬಿಕೆ ಜಾಸ್ತಿ. ಇನ್ನೊಂದು ವಿಚಾರ ಹೇಳಿದರು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತಲ್ಲ, ರಾಯಲ್ ಎನ್‌ಫೀಲ್ಡ್‌ನವರು 350 ಗಾಡಿಗಳಿಗೆ 22,000 ರೂಪಾಯಿವರೆಗೆ ಕಡಿಮೆ ಮಾಡಿದರು. ಹೊಸದು ಅಗ್ಗವಾದ ಮೇಲೆ ಹಳೇದೂ ಇಳಿಯಲೇಬೇಕು. ಅದಕ್ಕೂ ಹಿಂದಿನ ಬೆಲೆ ಹಿಡಿದು ಕೂತರೆ ಗಾಡಿ ಶೆಡ್ಡಿನಲ್ಲೇ ಉಳಿಯುತ್ತೆ.

ಮಾಡಿಫೈ ಮಾಡದ ನಮ್ಮಂಥದ್ದೇ ಗಾಡಿಗೆ 1,15,000 ಅಂತ ಮೊದಲು ಬರೆದರು. ಅಲಾಯ್ ಮತ್ತು ಟೈರಿಗೆ 7,000 ಸೇರಿಸಿದರು. ಘಾಟಿಯಲ್ಲಿ ಪಂಕ್ಚರ್ ಆದರೆ ಟ್ಯೂಬ್‌ಲೆಸ್ ಎಷ್ಟು ಅನುಕೂಲ ಅಂತ ಇಲ್ಲಿಯವರಿಗೆ ಗೊತ್ತು, ಅದಕ್ಕೆ ದುಡ್ಡು ಕೊಡುತ್ತಾರೆ. ಸೀಟಿಗೆ 2,000, ಲೆಗ್ ಗಾರ್ಡ್ ಮತ್ತು ಕ್ಯಾರಿಯರ್‌ಗೆ 2,000, ಫಾಗ್ ಲ್ಯಾಂಪಿಗೆ 1,000. ಹ್ಯಾಂಡಲ್‌ಗೂ ಸೊನ್ನೆಯೇ. ಪೇಂಟಿನ 3,000 ಕಳೆದು ನಿಂತದ್ದು 1,24,000. ಕೇಳುವುದು 1,30,000, ಬಿಡಬಾರದ ಗೆರೆ 1,20,000.

ಇನ್ಶೂರೆನ್ಸ್ ಪಾಲಿಸಿಯಲ್ಲಿ ಐಡಿವಿ, ಅಂದರೆ ಅವರು ಗಾಡಿಗೆ ಹಿಡಿದ ಬೆಲೆ, ಕಡಿಮೆ ಇದೆಯಲ್ಲ, ಕೊಳ್ಳಲು ಬಂದವರು ಅದನ್ನು ತೋರಿಸಿ ಕಡಿಮೆಗೆ ಕೇಳಿದರೆ ಅಂದೆ. ಅದು ಇನ್ಶೂರೆನ್ಸ್‌ನವರ ಸವಕಳಿ ಲೆಕ್ಕ, ಐದು ವರ್ಷ ದಾಟಿದ ಗಾಡಿಗೆ ಇಬ್ಬರೂ ಒಪ್ಪಿದ ಮೊತ್ತ ಅಷ್ಟೇ. ರೆಜಿಸ್ಟ್ರೇಷನ್ 15 ವರ್ಷಕ್ಕೆ, ನಮ್ಮದು 2034ರವರೆಗೆ ನಡೆಯುತ್ತೆ, ಬೇಕಿದ್ದರೆ ಅದನ್ನು ತೋರಿಸಿ ಅಂದರು.

ತಮ್ಮನನ್ನು ಒಪ್ಪಿಸಲು, ಮೇಸ್ತ್ರಿಯನ್ನು ಕೇಳಿ ಬರೆಸಿಕೊಂಡ ಲೆಕ್ಕದ ಚೀಟಿಯ ಫೋಟೊ ಕಳಿಸಿದೆ. ಮೊದಲು ಸಿಟ್ಟಾದ. ಆಮೇಲೆ ಒಂದೊಂದೇ ಸಾಲಿನ ಬಗ್ಗೆ ಕೇಳುತ್ತಾ ಹೋದ, ಎಲ್ಲದಕ್ಕೂ ಉತ್ತರ ಇತ್ತು. ಅವನು ಖರ್ಚು ಮಾಡಿದ್ದು ಅವನ ಖುಷಿಗೆ, ಆ ಖುಷಿ ಅವನು ಅನುಭವಿಸಿ ಆಗಿದೆ. ಮುಂದಿನವರು ತಮಗೆ ಬೇಕಾದ್ದಕ್ಕೆ ಮಾತ್ರ ದುಡ್ಡು ಕೊಡುತ್ತಾರೆ ಅಲ್ವಾ? ಕಂಪನಿ ಸೈಲೆನ್ಸರ್ ಹಾಕಿಸಿ, ತೆಗೆದದ್ದನ್ನು ಬೇರೆಯಾಗಿ ಮಾರಿದೆವು. ಬೇಲೂರಿನ ಒಬ್ಬರು ಬಂದು, ಚೀಟಿ ಓದಿ, ಟೈರ್ ನೋಡಿ, 1,23,000ಕ್ಕೆ ಗಾಡಿ ಒಯ್ದರು. ಉಳಿದ ಕಂಪನಿ ಸಾಮಾನನ್ನೂ ಗೋಣಿಚೀಲದಲ್ಲಿ ಜೊತೆಗೆ ಕಟ್ಟಿಕೊಟ್ಟೆವು.

ಕೊರತೆಗಳೂ ಇವೆ. ಕಾಗದ ಪತ್ರದ ವಿಚಾರಕ್ಕೆ ಅವರು ಕೈ ಹಾಕುವುದಿಲ್ಲ. ಬಾಕಿ ದಂಡ, ಸಾಲ ತೀರಿದ್ದಕ್ಕೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ವರ್ಗಾವಣೆಯ ಫಾರಂ 29 ಮತ್ತು 30, ಎಲ್ಲ ನಾವೇ ನೋಡಿಕೊಳ್ಳಬೇಕು. ಮಾರಿದ ಮೇಲೆ 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಹೊಣೆ. ಲೆಕ್ಕವನ್ನು ಬಾಯಲ್ಲಿ ಹೇಳಿ ಮುಗಿಸುತ್ತಾರೆ, ಬರೆದುಕೊಡಿ ಅಂತ ಕೇಳಿದರೆ ಮಾತ್ರ ಚೀಟಿ. ಆ ಚೀಟಿಯೇ ನನಗೆ ಅಷ್ಟು ಕೆಲಸಕ್ಕೆ ಬಂದಿದ್ದರಿಂದ, ಕೇಳದೆಯೇ ಎಲ್ಲರಿಗೂ ಕೊಡಲಿ ಅಂತ ನನ್ನ ಆಸೆ. ಬುಲೆಟ್, ಜಾವಾ, ಯೆಜ್ಡಿ ಬಿಟ್ಟು ಬೇರೆ ಗಾಡಿಗೆ ಬೆಲೆ ಹೇಳುವುದಿಲ್ಲ.

ಮೇಸ್ತ್ರಿ ತಾವೇ ಗಾಡಿ ಕೊಳ್ಳುವುದಿಲ್ಲ, ಗಿರಾಕಿ ತೋರಿಸಿ ಕಮಿಷನ್ ಕೇಳುವುದೂ ಇಲ್ಲ. ಅವರು ಹೇಳುವ ಬೆಲೆಯನ್ನು ನಂಬಬಹುದು ಅನ್ನುವುದು ಇದಕ್ಕೇ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತೆ. ಹೋಗುವಾಗ ಅಟ್ಟದ ಮೇಲಿನ ಕಂಪನಿ ಸಾಮಾನನ್ನೂ ಒಂದು ಆಟೋದಲ್ಲಿ ಹಾಕಿಕೊಂಡು ಹೋಗಿ, ಅವರು ಅದನ್ನೂ ನೋಡಿಯೇ ಬೆಲೆ ಹೇಳುತ್ತಾರೆ.