"ಶೇ 85 ಮುಗಿದಿದೆ" ಅಂದರೆ ಯಾವುದರ 85 ಅಂತ ಕೇಳಿ. ನಾನು ಕೇಳಲಿಲ್ಲ

ಬರೆಯಬೇಕಾ ಬೇಡವಾ ಅಂತ ಎರಡು ವಾರ ಯೋಚಿಸಿದೆ. ನಾಚಿಕೆಯಾಗುತ್ತದೆ. ಎಷ್ಟೋ ವರ್ಷದಿಂದ ಐಟಿ ಪ್ರಾಜೆಕ್ಟ್‌ಗಳನ್ನೇ ನೋಡಿಕೊಂಡು ಬಂದವನು ನಾನು. ನನಗೇ ಎಂಟೂವರೆ ತಿಂಗಳು ಹಸಿರು ಬಣ್ಣ ತೋರಿಸಿ ಮಂಗ ಮಾಡಿದರು. ವೆಂಡರ್, ಅಂದರೆ ಕೆಲಸ ವಹಿಸಿಕೊಂಡ ಹೊರಗಿನ ಕಂಪನಿ, ಅವರ ಹೆಸರು ಹೇಳುವ ಹಾಗಿಲ್ಲ, ವಕೀಲರು ಬೇಡ ಅಂದಿದ್ದಾರೆ. ಹೇಗೆ ಮಾಡಿದರು ಅಂತ ಹೇಳಬಹುದಲ್ಲ.

ನಮ್ಮಲ್ಲಿ ಒಂಬತ್ತು ಪ್ರಾಜೆಕ್ಟ್‌ಗಳು ಒಟ್ಟಿಗೆ ನಡೆಯುತ್ತಿದ್ದವು. ದೊಡ್ಡದು ಹಳೆಯ ಬಿಲ್ಲಿಂಗ್ ಸಿಸ್ಟಂ ತೆಗೆದು ಹೊಸದು ಹಾಕುವುದು. ಹತ್ತು ತಿಂಗಳ ಕೆಲಸ. ಪಟ್ಟಿಯಲ್ಲಿ 42 ಐಟಂಗಳು, ಹೆಚ್ಚುಕಮ್ಮಿ ಒಂದೇ ಗಾತ್ರದವು. ಪ್ರತಿ ಸೋಮವಾರ ಸ್ಟೇಟಸ್ ರಿಪೋರ್ಟ್ ಬರುತ್ತಿತ್ತು. ಅದರಲ್ಲಿ ಹಸಿರು ಅಂದರೆ ಎಲ್ಲ ಸರಿಯಿದೆ, ಹಳದಿ ಅಂದರೆ ಎಚ್ಚರ. ಸ್ಕೋಪ್ (ಕೆಲಸದ ವ್ಯಾಪ್ತಿ) ಹಸಿರು, ಶೆಡ್ಯೂಲ್ ಹಸಿರು, ಬಜೆಟ್ ಹಸಿರು. ಎಂಥ ಚಂದದ ರಿಪೋರ್ಟ್ ಅಂತೀರಿ! ಅದನ್ನೇ ತೆಗೆದುಕೊಂಡು ಹೋಗಿ ಪ್ರಾಜೆಕ್ಟ್‌ಗಳ ಮೇಲೆ ಕಣ್ಣಿಡುವ ಸ್ಟೀರಿಂಗ್ ಕಮಿಟಿಯಲ್ಲಿ ನಾನು ತೋರಿಸುತ್ತಿದ್ದೆ. ನಾನೇ. ನನ್ನ ಬಾಯಿಂದಲೇ.

ಅಷ್ಟಕ್ಕೇ ನಿಂತಿದ್ದರೆ ಒಂದು ಪ್ರಾಜೆಕ್ಟ್ ಹಾಳಾಯಿತು ಅನ್ನಬಹುದಿತ್ತು. ಆ ಹಸಿರನ್ನು ನಂಬಿ ನಮ್ಮ ಇಬ್ಬರು ಒಳ್ಳೆಯ ಟೆಸ್ಟರ್‌ಗಳನ್ನು ಅಲ್ಲಿಂದ ತೆಗೆದು ಬೇರೆ ಪ್ರಾಜೆಕ್ಟ್‌ಗೆ ಹಾಕಿದೆ. ಹೊಸ ಬಿಲ್ಲಿಂಗ್ ಬಂದ ಮೇಲೇ ಶುರುವಾಗಬೇಕಿದ್ದ ಇನ್ನೆರಡು ಪ್ರಾಜೆಕ್ಟ್‌ಗಳಿಗೆ ತಾರೀಖು ಕೊಟ್ಟುಬಿಟ್ಟೆ. ಹಳೆಯ ಸಿಸ್ಟಂನ ಸಪೋರ್ಟ್ ಮುಂದುವರಿಸುವುದು ಬೇಡ ಅಂತಲೂ ಬರೆದುಕೊಟ್ಟೆ. ಒಂದು ಸುಳ್ಳು ಬಣ್ಣದ ಮೇಲೆ ಎಷ್ಟು ತೀರ್ಮಾನ ನೋಡಿ.

ಯುಎಟಿ, ಅಂದರೆ ಬಳಸುವವರೇ ಕೂತು ಸಿಸ್ಟಂ ಪರೀಕ್ಷಿಸುವ ಹಂತ, ಶುರುವಾದ ದಿನ. ನಮ್ಮ ಅಕೌಂಟ್ಸ್‌ನ ಹಿರಿಯ ಮೇಡಂ ಒಬ್ಬರು ಕೂತು ಒಂದು ಬಿಲ್ ರದ್ದು ಮಾಡಲು ಹೋದರು. ಬಟನ್ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಏನೂ ಇಲ್ಲ. ಆಮೇಲೆ ಅವರು ಮೆಲ್ಲಗೆ ನನ್ನ ಕಡೆ ತಿರುಗಿ, "ಪ್ರತಿ ತಿಂಗಳು ಡೆಮೊದಲ್ಲಿ ಇದೇ ಮೂರು ಗ್ರಾಹಕರ ಹೆಸರು ಇರುತ್ತಿತ್ತಲ್ವಾ ಸರ್?" ಅಂದರು. ಹೌದು. ಅದೇ ಮೂರು ಹೆಸರು. ನಾನು ಎಂಟು ಡೆಮೊ ನೋಡಿದ್ದೇನೆ, ನನಗೆ ಹೊಳೆದಿರಲಿಲ್ಲ. ಹಿಂದೆ ಡೇಟಾಬೇಸೇ ಇಲ್ಲ. ಆ ಹೆಸರುಗಳನ್ನು ಸ್ಕ್ರೀನ್‌ನ ಕೋಡ್‌ನಲ್ಲೇ ಬರೆದಿಟ್ಟಿದ್ದರು.

ವೆಂಡರ್ ಕಡೆಯ ಪ್ರಾಜೆಕ್ಟ್ ಮ್ಯಾನೇಜರ್ ಮುಖದಲ್ಲಿ ಒಂಚೂರೂ ಬದಲಾವಣೆ ಇಲ್ಲ. "ಮೇಡಂ, ಸ್ಕ್ರೀನ್ ಮುಗಿದಿದೆ. ಅದರ ಹಿಂದಿನ ಲಾಜಿಕ್ ಇಂಟಿಗ್ರೇಶನ್‌ನಲ್ಲಿ, ಎಲ್ಲ ಭಾಗ ಜೋಡಿಸುವಾಗ, ಬರುತ್ತದೆ."

ನಾನು ಕೇಳಿದೆ, "ಹೋದ ಸೋಮವಾರ ಶೇ 85 ಮುಗಿದಿದೆ ಅಂದಿರಲ್ಲ?"

"ಹೌದು ಸರ್. ಅದು ಎಫರ್ಟ್ ಪ್ರಕಾರ."

ಎಫರ್ಟ್ ಪ್ರಕಾರ! ಅಂದರೆ ಒಪ್ಪಿಕೊಂಡ ಗಂಟೆಗಳಲ್ಲಿ ಶೇ 85 ಖರ್ಚಾಗಿದೆ ಅಂತ. ಕೆಲಸ ಆಗಿದೆ ಅಂತ ಅಲ್ಲ. ಆ ಲೆಕ್ಕದಲ್ಲಿ ಹತ್ತು ತಿಂಗಳು ಸುಮ್ನೆ ಕೂತಿದ್ದರೂ ಶೇ 100 ಆಗುತ್ತದೆ, ಶೆಡ್ಯೂಲ್ ಯಾವತ್ತೂ ಹಸಿರೇ ಇರುತ್ತದೆ. ರೂಮಿನಲ್ಲಿ ಹನ್ನೊಂದು ಜನ ಇದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಿವಿ ಬಿಸಿಯಾಗಿದ್ದು ಈಗಲೂ ನೆನಪಿದೆ.

ಆ ರಾತ್ರಿ ನಾನೇ ಕೂತು ಎಣಿಸಿದೆ. ಟೆಸ್ಟ್ ಪಾಸಾಗಿ ನಿಜವಾಗಿ ಮುಗಿದ ಐಟಂಗಳು 42ರಲ್ಲಿ 13. ಪ್ಲಾನ್ ಪ್ರಕಾರ ಅಷ್ಟೊತ್ತಿಗೆ 36 ಮುಗಿಯಬೇಕಿತ್ತು. ಅರ್ನ್ಡ್ ವ್ಯಾಲ್ಯೂ (ನಿಜವಾಗಿ ಮುಗಿದ ಕೆಲಸವನ್ನು ಪ್ಲಾನ್‌ಗೂ ಖರ್ಚಿಗೂ ಹೋಲಿಸುವ) ಲೆಕ್ಕ ಗೊತ್ತಿರುವವರಿಗೆ ಇಷ್ಟು ಸಾಕು: 13ನ್ನು 36ರಿಂದ ಭಾಗಿಸಿದರೆ ಎಸ್‌ಪಿಐ, ಅಂದರೆ ಪ್ಲಾನ್‌ಗೆ ಹೋಲಿಸಿದ ವೇಗ, 0.36. ಕೆಲಸ ಶೇ 31, ಖರ್ಚು ಶೇ 85, ಹಾಗಾಗಿ ಸಿಪಿಐ, ಅಂದರೆ ಖರ್ಚಿಗೆ ಹೋಲಿಸಿದ ಕೆಲಸ, ಅದೂ 0.36. ಎರಡೂ 1ರ ಹತ್ತಿರ ಇರಬೇಕು. ಇದೇ ವೇಗದಲ್ಲಿ ಹೋದರೆ ಒಪ್ಪಿದ ಗಂಟೆಗಳ ಸುಮಾರು ಎರಡೂ ಮುಕ್ಕಾಲು ಪಟ್ಟು ಬೇಕು. ಹತ್ತು ನಿಮಿಷದ ಲೆಕ್ಕ. ಎಂಟು ತಿಂಗಳಲ್ಲಿ ಒಂದು ಸೋಮವಾರವೂ ಮಾಡಲಿಲ್ಲ ನಾನು.

ಆಮೇಲಿನ ಉತ್ತರಗಳನ್ನು ಕೇಳಿ. "ಮುಗಿದಿದೆ" ಅಂದರೆ ಏನು ಅಂತ ಕೇಳಿದ್ದಕ್ಕೆ, "ಒಪ್ಪಂದದಲ್ಲಿ ಅದನ್ನು ಬರೆದಿಲ್ಲ ಸರ್." ನಿಜ, ಬರೆದಿಲ್ಲ. ದುಡ್ಡು ವಾಪಸ್ ಕೇಳಿದ್ದಕ್ಕೆ, "ಕಂತುಗಳು ತಾರೀಖಿನ ಪ್ರಕಾರ ಇವೆ ಸರ್." ಅದೂ ನಿಜ. ಮುಂದೇನು ಅಂದಿದ್ದಕ್ಕೆ, "ಇನ್ನೂ ಆರು ಜನರನ್ನು ಹಾಕುತ್ತೇವೆ, ಒಂದು ಚೇಂಜ್ ರಿಕ್ವೆಸ್ಟ್ ಸೈನ್ ಮಾಡಿ." ಅಂದರೆ ಒಪ್ಪಂದ ಬದಲಿಸಿ ಹೆಚ್ಚು ದುಡ್ಡು ಕೊಡುವ ಪತ್ರ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಅಂತ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳ ಬಗ್ಗೆ ಪುಸ್ತಕ ಬರೆದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದಾರೆ. ಹೊಸಬರಿಗೆ ಕಲಿಸಲು ಇರುವವರ ಸಮಯವೇ ಹೋಗುತ್ತದೆ. ಇವರಿಗೆ ಅದು ಗೊತ್ತಿಲ್ಲವಾ? ಗೊತ್ತಿದೆ. ಬಿಲ್ ಜಾಸ್ತಿಯಾಗುತ್ತದೆ ಅನ್ನುವುದೂ ಗೊತ್ತಿದೆ.

ಜಾಸ್ತಿ ಚುಚ್ಚಿದ್ದು ಕೊನೆಯ ಉತ್ತರ. "ಸರ್, ಮೊದಲ ರಿಪೋರ್ಟ್‌ನ ಕೊನೆಯ ಪುಟ ನೋಡಿ. ನೀವೇ ಅಪ್ರೂವ್ ಮಾಡಿದ್ದೀರಿ." ನೋಡಿದೆ. ಸಣ್ಣ ಅಕ್ಷರದಲ್ಲಿ ಒಂದು ಸಾಲು: ಪ್ರಗತಿ ಎಂದರೆ ಬಳಸಿದ ಗಂಟೆ ಭಾಗಿಸು ಒಟ್ಟು ಗಂಟೆ. ಕೆಳಗೆ ನನ್ನ ಸಹಿ.

ನಿಮಗೆ ಹೇಳುವುದು ಇಷ್ಟೇ. ಶೇಕಡಾ ನಂಬಬೇಡಿ, ಪಾಸಾದ ಐಟಂ ಎಣಿಸಿ. "ಬಹುಪಾಲು ಮುಗಿದಿದೆ" ಅಂದರೆ ಸೊನ್ನೆ ಅಂತಲೇ ಬರೆದುಕೊಳ್ಳಿ. ಕಂತನ್ನು ತಾರೀಖಿಗೆ ಕಟ್ಟಬೇಡಿ, ನಿಮ್ಮವರು ಟೆಸ್ಟ್ ಮಾಡಿ ಒಪ್ಪಿದ್ದಕ್ಕೆ ಕಟ್ಟಿ. ಡೆಮೊದಲ್ಲಿ ಮೌಸ್ ನಿಮ್ಮ ಕೈಯಲ್ಲಿರಲಿ, ನಿಮ್ಮ ಡೇಟಾ ಹಾಕಿ. ಒಂದು ಪ್ರಾಜೆಕ್ಟ್‌ನ ಬಣ್ಣ ನೋಡಿ ಇನ್ನೊಂದರ ಜನರನ್ನು ಅಲ್ಲಾಡಿಸುವ ಮೊದಲು ನೀವೇ ಹೋಗಿ ನೋಡಿ. ಮತ್ತೆ, ತಿಂಗಳುಗಟ್ಟಲೆ ಒಂದೇ ಒಂದು ಹಳದಿಯೂ ಬರದಿದ್ದರೆ ಅನುಮಾನ ಪಡಿ. ಯಾವ ಸಾಫ್ಟ್‌ವೇರ್ ಕೆಲಸ ಅಷ್ಟು ಸಲೀಸಾಗಿ ಹೋಗುತ್ತದೆ ಸ್ವಾಮಿ?

ಈಗ ಆ ಎರಡು ಪ್ರಾಜೆಕ್ಟ್‌ಗಳು ನಿಂತಿವೆ. ಟೆಸ್ಟರ್‌ಗಳನ್ನು ವಾಪಸ್ ಕರೆದಿದ್ದೇನೆ, ಹಳೆಯ ಸಿಸ್ಟಂನ ಸಪೋರ್ಟ್‌ಗೆ ಹೋಗಿ ಕೈಮುಗಿದು ಬಂದಿದ್ದೇನೆ. ಮೊನ್ನೆ ವೆಂಡರ್‌ನಿಂದ ಕೊನೆಯ ಬಿಲ್ ಬಂತು. ಪ್ರಗತಿ ಶೇ 100 ಅಂತ ಇದೆ, ಹಸಿರು ಬಣ್ಣದಲ್ಲಿ. ಸಹಿ ಹಾಕಿಲ್ಲ.