ಜಾನ್ ಪ್ರೈನ್, ಟೌನ್ಸ್ ವ್ಯಾನ್ ಝಾಂಟ್: ಮೊದಲು ಯಾರನ್ನು ಕೇಳೋದು?

ಅಮೆರಿಕದ ಫೋಕ್, ಕಂಟ್ರಿ ಹಾಡುಗಳಿಗೆ ನೀವು ಹೊಸಬರಾದರೆ ಪ್ರೈನ್ ಅವರಿಂದ ಶುರುಮಾಡಿ. ಶಿಕಾಗೋ ಕಡೆ ಪೋಸ್ಟ್‌ಮ್ಯಾನ್ ಆಗಿದ್ದವರು ಇವರು. ಟಪಾಲು ಹಂಚುತ್ತಲೇ ಮನಸ್ಸಲ್ಲಿ ಹಾಡು ಕಟ್ಟುತ್ತಿದ್ದರು. 1971ರ ಮೊದಲ ಆಲ್ಬಮ್‌ನಲ್ಲಿ ಯುದ್ಧದಿಂದ ಮರಳಿ ಡ್ರಗ್ಸ್‌ಗೆ ಬಿದ್ದ ಸೈನಿಕನ ಕಥೆಯಿದೆ, ನಗಿಸುವ ಹಾಡುಗಳೂ ಇವೆ. 1998ರಲ್ಲಿ ಕುತ್ತಿಗೆಯ ಕ್ಯಾನ್ಸರ್‌ಗೆ ಆಪರೇಷನ್ ಆಗಿ ದನಿ ಒರಟಾಯಿತು. ನನಗಂತೂ ಆ ದನಿಯೇ ಜಾಸ್ತಿ ಇಷ್ಟ.

ಟೆಕ್ಸಾಸ್‌ನ ಟೌನ್ಸ್ ಹಾಡುಗಳಲ್ಲಿ ನೋವೇ ಹೆಚ್ಚು. ಕುಡಿತ ಬಿಡಲಿಲ್ಲ, 1997ರಲ್ಲಿ, 52ನೇ ವಯಸ್ಸಿಗೇ ಹೋದರು. ಅವರು ಬರೆದ 'ಪಾಂಚೋ ಅಂಡ್ ಲೆಫ್ಟಿ' ಹಾಡು 1983ರಲ್ಲಿ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ತುದಿಗೇರಿತು, ಆದರೆ ಹಾಡಿದ್ದು ಕಂಟ್ರಿ ತಾರೆಗಳಾದ ವಿಲ್ಲಿ ನೆಲ್ಸನ್ ಮತ್ತು ಮರ್ಲ್ ಹ್ಯಾಗರ್ಡ್! ಸ್ಟುಡಿಯೋ ಆಲ್ಬಮ್‌ಗಳು ಆಮೇಲಿರಲಿ. ಹ್ಯೂಸ್ಟನ್‌ನ ಓಲ್ಡ್ ಕ್ವಾರ್ಟರ್ ಅನ್ನೋ ಬಾರ್‌ನಲ್ಲಿ 1973ರಲ್ಲಿ ರೆಕಾರ್ಡ್ ಆದ ಲೈವ್ ಆಲ್ಬಮ್ ಹುಡುಕಿ. ಬರೀ ದನಿ, ಒಂದು ಗಿಟಾರ್. ಕೆಲಸ ಮಾಡ್ತಾ ಸುಮ್ನೆ ಹಾಕಿಕೊಳ್ಳೋಕೆ ಮಾತ್ರ ಇದು ಬೇಡ.